ವಿಶ್ವನಾಥನ ಶಕಾರ ಎಲ್ಲಿ ಹೋಯಿತು?

1977ರ ಡಿಸೆಂಬರಿನಲ್ಲಿ ಬಿಷನ್ ಸಿಂಗ್ ಬೇಡಿ ನಾಯಕತ್ವದ ಭಾರತ ತಂಡ ಆಸ್ಟ್ರೇಲಿಯದಲ್ಲಿ ಐದು ಟೆಸ್ಟ್‌ಗಳ ಸರಣಿ ಆರಂಭಿಸಿತು. ಮೊದಲು ಬ್ರಿಸ್ಬೇನ್, ಆಮೇಲೆ ಪರ್ತ್, ಮೆಲ್ಬರ್ನ್, ಸಿಡ್ನಿ, ಕೊನೆಗೆ ಅಡಿಲೇಡ್. ತಂಡದಲ್ಲಿ ಕರ್ನಾಟಕದವರೇ ಐವರು: ವಿಶ್ವನಾಥ್, ಚಂದ್ರಶೇಖರ್, ಪ್ರಸನ್ನ, ಕಿರ್ಮಾನಿ, ಬ್ರಿಜೇಶ್ ಪಟೇಲ್. ಅಡಿಲೇಡಿನಲ್ಲಿ 493 ರನ್ ಗುರಿ ಬೆನ್ನಟ್ಟಿ 445 ಗಳಿಸಿ, 47 ರನ್ನಿನಿಂದ ಸೋತ ಪಂದ್ಯವನ್ನು ರೇಡಿಯೊ ಕೇಳಿದ ತಲೆಮಾರು ಮರೆತಿಲ್ಲ. ಆ ಆಟದ ಕಥೆ ಎಲ್ಲರಿಗೂ ಗೊತ್ತು. ಅಲ್ಲಿನ ಸ್ಕೋರ್‌ಬೋರ್ಡ್ ಏರಿದ ನಮ್ಮ ಹೆಸರುಗಳಿಗೂ ಒಂದು ಕಥೆಯಿದೆ.

ವಿಶ್ವನಾಥ ಎಂದರೆ ಕಾಶಿಯ ಒಡೆಯ. ಕನ್ನಡದಲ್ಲಿ ಬರೆಯುವಾಗ ಗೊಂದಲವೇ ಇಲ್ಲ, ಅಲ್ಲಿರುವುದು ಶಕಾರ. ಆದರೆ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥರ ಹೆಸರು ಇಂಗ್ಲಿಷಿನಲ್ಲಿ ‘ವಿಸ್ವನಾಥ್’ ಎಂದು ಓದುವಂತಿದೆ. ಎಸ್ ಪಕ್ಕದ ಎಚ್ ಇಲ್ಲ. ಚಂದ್ರಶೇಖರರ ಹೆಸರೂ ಹಾಗೆಯೇ. ಇದು ಗುಮಾಸ್ತರ ಅಜ್ಞಾನವೆಂದು ತಳ್ಳಿಹಾಕಬೇಕಿಲ್ಲ. ವಿದ್ವಾಂಸರ ಲಿಪ್ಯಂತರದಲ್ಲಿ ಶಕಾರಕ್ಕೆ ಎಸ್ ಬರೆದು ಅದರ ಮೇಲೊಂದು ಚಿಕ್ಕ ಗೆರೆ ಎಳೆಯುತ್ತಾರೆ. ಗೆರೆ ಇಲ್ಲದ ಟೈಪ್‌ರೈಟರಿನಲ್ಲಿ ಉಳಿಯುವುದು ಬರಿಯ ಎಸ್. ದಕ್ಷಿಣ ಭಾರತದ ಎಷ್ಟೋ ಶಿವ, ಶ್ರೀನಿವಾಸ, ಈಶ್ವರರು ಹೀಗೆಯೇ ಎಚ್ ಇಲ್ಲದೆ ಬಾಳುತ್ತಿದ್ದಾರೆ.

ಇನ್ನೊಂದು ಬದಲಾವಣೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಇಂಗ್ಲಿಷಿನಲ್ಲಿ ಕೊನೆಯ ಅಕಾರ ಬಿಟ್ಟುಹೋಯಿತು. ಅದೇ ರೂಪ ಮರಳಿ ನಮ್ಮ ಪತ್ರಿಕೆಗಳಿಗೆ ಬಂದು ವಿಶ್ವನಾಥ ‘ವಿಶ್ವನಾಥ್’ ಆದ, ಶ್ರೀನಾಥ ‘ಶ್ರೀನಾಥ್’ ಆದ. ಕನ್ನಡದ ಹೆಸರು ವಿದೇಶಕ್ಕೆ ಹೋಗಿ ಬಾಲ ಕಳೆದುಕೊಂಡು ಮನೆಗೆ ಬಂದಂತೆ!

ಆದರೆ ಅಡ್ಡಹೆಸರನ್ನು ನೋಡಿ. ನಮ್ಮ ಮನೆಗಳಲ್ಲಿ ವಿಶ್ವನಾಥನನ್ನು ವಿಶ್ವ, ವಿಶು, ವಿಶ್ವಣ್ಣ ಎನ್ನುತ್ತೇವೆ. ಕ್ರಿಕೆಟ್ ಜಗತ್ತು ‘ವಿಶಿ’ ಎಂದಿತು. ಹೆಸರು ಮೊಟಕು ಮಾಡುವುದರಲ್ಲಿ ಆಸ್ಟ್ರೇಲಿಯದವರೂ ನಮಗೇನು ಕಡಿಮೆಯಿಲ್ಲ. ಅದೇ ಸರಣಿಯಲ್ಲಿ ಬೌಲ್ ಮಾಡಿದ ಜೆಫ್ ಥಾಮ್ಸನ್ ಅವರಿಗೆ ‘ಥಾಮ್ಮೊ’. ಸೋಜಿಗವೆಂದರೆ, ವಿಶಿ ಎಂಬುದನ್ನು ಇಂಗ್ಲಿಷಿನಲ್ಲಿ ಎಚ್ ಸೇರಿಸಿಯೇ ಬರೆಯುತ್ತಾರೆ. ದಾಖಲೆಯ ಹೆಸರು ಕಳೆದುಕೊಂಡ ಶಕಾರವನ್ನು ಪ್ರೀತಿಯ ಹೆಸರು ಉಳಿಸಿಕೊಂಡಿದೆ. ದಾಖಲೆ ಕೈಯಿಂದ ಕೈಗೆ ಹೋಗುತ್ತದೆ, ಅಡ್ಡಹೆಸರು ಬಾಯಿಂದ ಬಾಯಿಗೆ.

ಹೆಸರಿನ ಮುಂದಿನ ಭಾಗಕ್ಕೂ ಇಂಥದೇ ಗತಿ. ನಮ್ಮಲ್ಲಿ ಊರು, ಹಿರಿಯರು ಮೊದಲು, ಸ್ವಂತ ಹೆಸರು ಕೊನೆಗೆ. ಇಂಗ್ಲಿಷಿನ ಪದ್ಧತಿ ಇದಕ್ಕೆ ತಿರುಗುಮುರುಗು. 1967–68ರಲ್ಲಿ ಅಡಿಲೇಡಿನಿಂದ ಆರಂಭವಾದ ಸರಣಿಯಲ್ಲಿ 25 ವಿಕೆಟ್ ಕಿತ್ತ ಪ್ರಸನ್ನರ ‘ಎರಪಳ್ಳಿ’, 1991ರಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್ ಆಡಿದ ಶ್ರೀನಾಥರ ‘ಜಾವಗಲ್’ ಹೊರಗಿನವರಿಗೆ ಸ್ವಂತ ಹೆಸರುಗಳಾದವು. ಜಾವಗಲ್ ಅರಸೀಕೆರೆ ತಾಲ್ಲೂಕಿನ ಊರೆಂದು ಅವರಿಗೇನು ಗೊತ್ತು? 2008ರ ಜನವರಿಯಲ್ಲಿ ಪರ್ತ್‌ನಲ್ಲಿ 600ನೇ ವಿಕೆಟ್ ಪಡೆದ ಅನಿಲರ ಹೆಸರಿನಲ್ಲಿ ಮಾತ್ರ ಊರು ಕೊನೆಗಿದೆ. ಅದು ಕಾಸರಗೋಡಿನ ಕುಂಬಳೆ, ಯಕ್ಷಗಾನದ ಪಾರ್ತಿಸುಬ್ಬನ ಊರು. ಪತ್ರಿಕೆಗಳಲ್ಲಿ ಅದೂ ‘ಕುಂಬ್ಳೆ’ ಆಯಿತು.

ಇದು ಕ್ರಿಕೆಟಿಗರ ಮಾತಷ್ಟೇ ಅಲ್ಲ. ಗಲ್ಫ್‌ನಲ್ಲಿರುವ ನಮಗೆ ಹೆಸರಿನ ಕಾಲಂ ಎಂದರೆ ಏನೆಂದು ಚೆನ್ನಾಗಿ ಗೊತ್ತು. 2022ರ ನವೆಂಬರಿನಲ್ಲಿ, ಒಂದೇ ಹೆಸರಿರುವ ಪಾಸ್‌ಪೋರ್ಟ್ ಹಿಡಿದು ಭೇಟಿ ವೀಸಾದಲ್ಲಿ ಬಂದರೆ ಯುಎಇಗೆ ಪ್ರವೇಶವಿಲ್ಲ ಎಂದಾಯಿತು. ಒಳಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂದು ಬಳಿಕ ಸಡಿಲಿಸಿದರು. ಅರಬ್ಬಿಯಲ್ಲಿ ಶಕಾರಕ್ಕೆ ‘ಶೀನ್’ ಎಂಬ ಅಕ್ಷರವೇ ಇದೆ. ಆದರೂ ಎಚ್ ಇಲ್ಲದ ಇಂಗ್ಲಿಷ್ ನೋಡಿ ಬರೆದರೆ ಅದು ‘ಸೀನ್’ ಆಗುತ್ತದೆ. ಅರಬ್ಬಿಯಲ್ಲಿ ‘ವ’ ಉಚ್ಚಾರಕ್ಕೆ ಸರಿಯಾದ ಅಕ್ಷರವಿಲ್ಲದ್ದರಿಂದ ನಮ್ಮ ವಿಶ್ವ ಫಕಾರದಿಂದ ಶುರುವಾಗುವುದೂ ಉಂಟು.

ಹಾಗೆಂದು ಮಗನಿಗೆ ಎರಡಕ್ಷರದ, ಎಲ್ಲ ದೇಶಕ್ಕೂ ಹೊಂದುವ ಹೆಸರನ್ನೇ ಹುಡುಕಬೇಕೇ? ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಅಜ್ಜನ ಹೆಸರಿಡಿ, ಇಂಗ್ಲಿಷ್ ಕಾಗುಣಿತವನ್ನು ಜನನ ಪತ್ರದ ದಿನವೇ ನಿರ್ಧರಿಸಿ, ಎಲ್ಲ ದಾಖಲೆಗಳಲ್ಲೂ ಅದನ್ನೇ ಉಳಿಸಿ. ಮನೆಯಲ್ಲಿ ಮಾತ್ರ ಬಾಯ್ತುಂಬ ವಿಶು ಎಂದೇ ಕರೆಯಿರಿ. ನಾಳೆ ಅವನು ದುಬೈ ಬಿಟ್ಟು ಪರ್ತ್‌ಗೋ ಅಡಿಲೇಡಿಗೋ ಹೋದರೂ, ಪಾಸ್‌ಪೋರ್ಟಿನಲ್ಲಿ ಇಲ್ಲದ ಆ ಶಕಾರ ಅವನ ಕಿವಿಯಲ್ಲಿ ಇರುತ್ತದೆ.