ಕಿರೀಟದ ವ್ಯಾಪಾರಿ ಮತ್ತು ಧಾತು ಸಂವತ್ಸರ: ಡಿಸ್ರೇಲಿಯ ‘ಪಂಚ್’ ಚಿತ್ರಗಳನ್ನು ಮದರಾಸಿನಲ್ಲಿ ಕುಳಿತು ಓದಿದಾಗ

ಚೆನ್ನೈನ ಟ್ರಿಪ್ಲಿಕೇನಿನ ಹಳೆ ಪುಸ್ತಕದಂಗಡಿಯೊಂದರಲ್ಲಿ ನನಗೆ ಒಂದೇ ಒಂದು ಹಾಳೆ ಸಿಕ್ಕಿತು. ಎಡ ಅಂಚನ್ನು ಯಾರೋ ಬ್ಲೇಡಿನಿಂದ ಕೊಯ್ದಿದ್ದರು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು ಸಂಪುಟದಿಂದ ಬಿಡಿಸಿದ ಹಾಳೆ ಅದು. ಮೇಲ್ಭಾಗದಲ್ಲಿ ಪತ್ರಿಕೆಯ ಹೆಸರು, ಪಕ್ಕದಲ್ಲಿ ತಾರೀಖು: 1876ರ ಏಪ್ರಿಲ್ 15. ಲಂಡನ್ನಿನ ‘ಪಂಚ್’ ಪತ್ರಿಕೆಗೆ ಜಾನ್ ಟೆನಿಯಲ್ ಬರೆದ ಪ್ರಸಿದ್ಧ ವ್ಯಂಗ್ಯಚಿತ್ರ. ಅದರ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ ‘ಹಳೆಯ ಕಿರೀಟಕ್ಕೆ ಹೊಸ ಕಿರೀಟ!’. ಬ್ರಿಟನ್ನಿನ ಪ್ರಧಾನಿ ಬೆಂಜಮಿನ್ ಡಿಸ್ರೇಲಿ ಪೂರ್ವದೇಶದ ವ್ಯಾಪಾರಿಯ ವೇಷದಲ್ಲಿದ್ದಾನೆ. ಎದುರಿಗೆ ವಿಕ್ಟೋರಿಯಾ ರಾಣಿ. ಆತ ನೀಡುತ್ತಿರುವುದು ಚಕ್ರವರ್ತಿನಿಯ ಹೊಸ ಕಿರೀಟ, ಬದಲಿಗೆ ಕೇಳುತ್ತಿರುವುದು ಇಂಗ್ಲೆಂಡಿನ ಹಳೆಯ ಕಿರೀಟ.

ಅಲ್ಲಾವುದ್ದೀನನ ಕಥೆ ಗೊತ್ತಿದ್ದವರಿಗೆ ವಿವರಣೆ ಬೇಕಾಗದು. ‘ಹಳೆಯ ದೀಪಕ್ಕೆ ಹೊಸ ದೀಪ’ ಎಂದು ಕೂಗುತ್ತ ಬಂದ ಮಾಂತ್ರಿಕನಿಗೆ, ಬೆಲೆ ಅರಿಯದೆ ಅದ್ಭುತ ದೀಪವನ್ನು ಕೊಟ್ಟುಬಿಟ್ಟ ಪ್ರಸಂಗ ಅದು. ರಾಣಿಗೆ ‘ಭಾರತದ ಚಕ್ರವರ್ತಿನಿ’ ಎಂಬ ಬಿರುದು ಕೊಡುವ ಮಸೂದೆ ಆಗ ಪಾರ್ಲಿಮೆಂಟಿನ ಮುಂದಿತ್ತು. ಅದೇ ತಿಂಗಳ ಕೊನೆಗೆ ಕಾಯ್ದೆಯಾಯಿತು. ಥಳಕಿನ ಬಿರುದಿಗಾಗಿ ಮನೆಯ ಹಳೆಯ ಮರ್ಯಾದೆಯನ್ನು ಮಾರಿಕೊಳ್ಳಬೇಡಿ ಎಂಬುದು ‘ಪಂಚ್’ ತನ್ನ ಓದುಗರಿಗೆ ಹೇಳಿದ ಮಾತು.

ಈ ಚಿತ್ರದ ಬಗ್ಗೆ ಇಂಗ್ಲಿಷಿನಲ್ಲಿ ಸಾಕಷ್ಟು ಬರವಣಿಗೆ ಇದೆ. ಡಿಸ್ರೇಲಿ ಹುಟ್ಟಿನಿಂದ ಯಹೂದಿ. 1817ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಕ್ರೈಸ್ತ ದೀಕ್ಷೆ ಪಡೆದವನು. ಹಳೆ ಬಟ್ಟೆ ಕೊಂಡು ಮಾರುವ ಯಹೂದಿಯನ್ನು ಹಂಗಿಸುವ ಚಿತ್ರ ಲಂಡನ್ನಿನ ಬೀದಿಯಲ್ಲಿ ಬಳಕೆಯಲ್ಲಿತ್ತು. ಟೆನಿಯಲ್ ಅದನ್ನೇ ದೇಶದ ಪ್ರಧಾನಿಗೆ ಹೊಂದಿಸಿದ. ನಾಲ್ಕು ತಿಂಗಳ ಹಿಂದೆ, 1875ರ ಡಿಸೆಂಬರ್ 11ರ ಸಂಚಿಕೆಯಲ್ಲೂ ಇದೇ ಆಟ. ಸೂಯೆಜ್ ಕಾಲುವೆ ಕಂಪನಿಯ 1,76,602 ಷೇರುಗಳನ್ನು ರಾಥ್ಸ್‌ಚೈಲ್ಡ್ ಮನೆತನದಿಂದ ಸಾಲ ತಂದು, ಸುಮಾರು 40 ಲಕ್ಷ ಪೌಂಡಿಗೆ ಡಿಸ್ರೇಲಿ ಖರೀದಿಸಿದ್ದ. ಆ ಚಿತ್ರದಲ್ಲಿ ಆತ ‘ಭಾರತದ ಕೀಲಿಕೈ’ ಎಂದು ಬರೆದ ಭಾರಿ ಕೀಲಿಯನ್ನು ಹಿಡಿದು ಸ್ಫಿಂಕ್ಸಿನ ಮುಂದೆ ನಿಂತಿದ್ದಾನೆ. ಸ್ಫಿಂಕ್ಸ್ ಕಣ್ಣು ಮಿಟುಕಿಸುತ್ತಿದೆ. ರೊಸ್ಸೀನಿಯ ಆಪೆರಾದಿಂದ ಎತ್ತಿದ ಶೀರ್ಷಿಕೆಯಲ್ಲಿ ಆತ ಈಜಿಪ್ಟಿನ ಮೋಸೆಸ್. ಹಣೆಯ ಮೇಲೆ ಇಳಿಬಿಟ್ಟ ಒಂದು ಗುಂಗುರು ಕೂದಲ ಎಳೆ, ಗಲ್ಲದಲ್ಲಿ ಚೂಪು ಗಡ್ಡ: ಇಷ್ಟು ಬಿಡಿಸಿದರೆ ಸಾಕು, ಹೆಸರು ಬರೆಯದೆಯೂ ಲಂಡನ್ನಿನ ಓದುಗ ಡಿಸ್ರೇಲಿಯನ್ನು ಗುರುತಿಸುತ್ತಿದ್ದ.

ಈ ಚಿತ್ರಗಳು ಟೆನಿಯಲ್ ಒಬ್ಬನ ಅಭಿಪ್ರಾಯವೆಂದು ತಿಳಿಯಬಾರದು. ವಾರದ ದೊಡ್ಡ ಚಿತ್ರದ ವಿಷಯವನ್ನು ಬುಧವಾರ ರಾತ್ರಿಯ ಊಟದ ಮೇಜಿನ ಸುತ್ತ ‘ಪಂಚ್’ ಬಳಗವೇ ಸೇರಿ ನಿರ್ಧರಿಸುತ್ತಿತ್ತು. ಟೆನಿಯಲ್ ಮರದಚ್ಚಿನ ಮೇಲೆ ಬರೆಯುತ್ತಿದ್ದ, ಜೋಸೆಫ್ ಸ್ವೇನನ ಕಾರ್ಖಾನೆಯಲ್ಲಿ ಕೊರೆಯುತ್ತಿದ್ದರು. ಆದ್ದರಿಂದ ಇದನ್ನು ಅಂದಿನ ಇಂಗ್ಲಿಷ್ ಮಧ್ಯಮವರ್ಗದ ಸಾಮಾನ್ಯ ನೋಟವೆಂದೇ ಓದಬಹುದು.

ಅಲ್ಲಿಯವರೆಗೆ ಸರಿ. ನನ್ನ ತಕರಾರು ಇರುವುದು ಇಲ್ಲಿಂದ ಮುಂದೆ. ಎರಡೂ ಚಿತ್ರಗಳು ಭಾರತವನ್ನು ಕುರಿತವು, ಎರಡರಲ್ಲೂ ಭಾರತದ ಒಬ್ಬ ಮನುಷ್ಯನಿಲ್ಲ. ಭಾರತ ಒಂದರಲ್ಲಿ ಕೀಲಿ, ಇನ್ನೊಂದರಲ್ಲಿ ಕಿರೀಟ. ಕೊಡುವವನು, ಕೊಳ್ಳುವವಳು, ಮೋಸ ಹೋಗುವ ಭಯದಲ್ಲಿರುವ ಇಂಗ್ಲೆಂಡು ಎಲ್ಲ ಉಂಟು. ಯಾರ ಹೆಸರಿನಲ್ಲಿ ಈ ವ್ಯಾಪಾರವೋ ಅವರು ಮಾತ್ರ ಇಲ್ಲ. ‘ಪಂಚ್’ ಬಿರುದನ್ನು ವಿರೋಧಿಸಿದ್ದು ನಿಜ. ಆದರೆ ಆ ವಿರೋಧ ಇಂಗ್ಲೆಂಡಿನ ಮಾನಕ್ಕಾಗಿ, ನಮ್ಮ ಪರವಾಗಿ ಅಲ್ಲ. 1857ರಲ್ಲಿ ಇದೇ ಟೆನಿಯಲ್ ಭಾರತವನ್ನು ಹುಲಿಯಾಗಿ ಬರೆದು ಬ್ರಿಟಿಷ್ ಸಿಂಹವನ್ನು ಅದರ ಮೇಲೆ ಹಾರಿಸಿದ್ದ. ಹತ್ತೊಂಬತ್ತು ವರ್ಷದಲ್ಲಿ ಹುಲಿ ಒಡವೆಯಾಯಿತು.

ಈಗ ತಾರೀಖಿಗೆ ಬರುತ್ತೇನೆ. 1876ರ ಏಪ್ರಿಲ್ 15 ನಮ್ಮ ಲೆಕ್ಕದಲ್ಲಿ ಯಾವ ಕಾಲ? ಚಾಂದ್ರಮಾನದ ಯುಗಾದಿ ಕಳೆದು ಕೆಲವು ವಾರ. ತಮಿಳರ ಸೌರಮಾನದಲ್ಲಂತೂ ಹೊಸ ವರ್ಷ ಹುಟ್ಟಿ ಕೆಲವೇ ದಿನ. ಆ ವರ್ಷದ ಹೆಸರು ಧಾತು. ನಮ್ಮ ಕಡೆ ಇಂದಿಗೂ ‘ಧಾತು-ಈಶ್ವರ ಬರ’ ಎಂದು ಕರೆಯುವ, ತಮಿಳರು ‘ತಾದು ವರುಷ ಪಂಜಂ’ ಎನ್ನುವ ಮಹಾಕ್ಷಾಮದ ಧಾತು ಅದೇ. ಲಂಡನ್ನಿನಲ್ಲಿ ಕಿರೀಟದ ಚಿತ್ರ ಅಚ್ಚಾದಾಗ ಇಲ್ಲಿ ರೈತ ಮುಂಗಾರಿಗೆ ಕಾಯುತ್ತಿದ್ದ. ಆ ಮುಂಗಾರು ಕೈಕೊಟ್ಟಿತು, ಅದರ ಹಿಂದೆ ಹಿಂಗಾರೂ ಕೈಕೊಟ್ಟಿತು. ಆಗ ಮದರಾಸು ಪ್ರಾಂತದ ಜಿಲ್ಲೆಯಾಗಿದ್ದ ನಮ್ಮ ಬಳ್ಳಾರಿ ಅತಿ ಹೆಚ್ಚು ಬೆಂದ ಸೀಮೆಗಳಲ್ಲೊಂದು.

ಧಾತು ಇನ್ನೂ ಮುಗಿದಿರಲಿಲ್ಲ, 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದಿಲ್ಲಿಯಲ್ಲಿ ದರ್ಬಾರು ನಡೆಸಿ ಹೊಸ ಬಿರುದನ್ನು ಸಾರಿಸಿದ. ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್ ಬರದ ನಾಡನ್ನು ಬಿಟ್ಟು ದಿಲ್ಲಿಗೆ ಹೋಗಬೇಕಾಯಿತು. ಈ ಡ್ಯೂಕ್ ಹಿಂದೆ 1868ರಲ್ಲಿ ವಸಾಹತು ಮಂತ್ರಿಯಾಗಿ ಡಿಸ್ರೇಲಿಯ ಸಂಪುಟದಲ್ಲಿದ್ದವನು. ಡಿಸ್ರೇಲಿ ಸುಮಾರು ಮೂರು ದಶಕ ಪಾರ್ಲಿಮೆಂಟಿನಲ್ಲಿ ಪ್ರತಿನಿಧಿಸಿದ್ದೂ ಬಕಿಂಗ್‌ಹ್ಯಾಮ್‌ಷೈರನ್ನೇ. ಚಿತ್ರದಲ್ಲಿರುವ ವ್ಯಾಪಾರಿಗೂ ಮದರಾಸಿನ ಗವರ್ನರನ ಬಂಗಲೆಗೂ ನಡುವಿನ ದಾರಿ ನಾವು ಅಂದುಕೊಂಡಷ್ಟು ದೂರದ್ದಲ್ಲ.

ದರ್ಬಾರಿನ ಬೆನ್ನಿಗೇ ಖರ್ಚು ಬಿಗಿಹಿಡಿಯಲೆಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಲಿಟ್ಟನ್ ದಕ್ಷಿಣಕ್ಕೆ ಕಳುಹಿಸಿದ. ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ, ಜೊತೆಗೆ ಅಲ್ಪ ಕಾಸು ಎಂದು ಆತ ಗೊತ್ತುಮಾಡಿದ. ಇಷ್ಟರಲ್ಲಿ ಮೈಮುರಿದು ದುಡಿಯುವವನು ಬದುಕಲಾರ ಎಂದು ಮದರಾಸಿನ ಸ್ಯಾನಿಟರಿ ಕಮಿಷನರ್ ವಿಲಿಯಂ ಕಾರ್ನಿಷ್ ಪಟ್ಟುಹಿಡಿದು ವಾದಿಸಿದ. ‘ಮದ್ರಾಸ್ ಟೈಮ್ಸ್’ ಸಂಪಾದಕ ವಿಲಿಯಂ ಡಿಗ್ಬಿ ಇದನ್ನೆಲ್ಲ ಬರೆದಿಟ್ಟು 1878ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ. ಈ ಬರವನ್ನು ಅಭ್ಯಾಸ ಮಾಡುವವರು ಮೊದಲು ತೆರೆಯಬೇಕಾದ ಪುಸ್ತಕ ಅದೇ.

‘ಪಂಚ್’ ಚಿತ್ರದಲ್ಲಿ ಕಾಣದ ಮನುಷ್ಯರು ಇದೇ ಅವಧಿಯ ಬೇರೊಂದು ಬಗೆಯ ಚಿತ್ರದಲ್ಲಿ ಸಿಗುತ್ತಾರೆ. ಮದರಾಸು ಸೈನ್ಯದ ಅಧಿಕಾರಿ ವಿಲಬಿ ವ್ಯಾಲೇಸ್ ಹೂಪರ್ 1876-78ರ ಬರದಲ್ಲಿ ತೆಗೆದ ಫೋಟೋಗಳವು. ಒಂದನ್ನು ಮಾತ್ರ ಹೇಳುತ್ತೇನೆ. ಐದಾರು ಮಂದಿಯನ್ನು ಗುಂಪಾಗಿ ಕೂರಿಸಿದ್ದಾರೆ. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದು. ಮೊಣಕಾಲು ತೊಡೆಗಿಂತ ದಪ್ಪ. ಅಂದಿನ ಕ್ಯಾಮರಾದ ಮುಂದೆ ಕದಲದೆ ಇರಬೇಕಿತ್ತು, ಇವರು ಕದಲಿಲ್ಲ. ಯಾರೊಬ್ಬರ ಹೆಸರೂ ಕೆಳಗಿಲ್ಲ. ಹೂಪರನ ಉದ್ದೇಶ ಏನೇ ಇರಲಿ, ಸಾಯುತ್ತಿರುವವರನ್ನು ಸ್ಟುಡಿಯೋ ಗುಂಪಿನಂತೆ ಜೋಡಿಸಿದ್ದು ನನ್ನನ್ನು ಕಲಕುತ್ತದೆ. ಆದರೂ ಆ ಫೋಟೋಗಳು ಬೇಕು. ಅವಿಲ್ಲದಿದ್ದರೆ 1876-77ರ ಭಾರತವೆಂದರೆ ನಮಗೂ ಕೀಲಿ ಮತ್ತು ಕಿರೀಟವಷ್ಟೇ ಆಗಿ ಉಳಿಯುತ್ತಿತ್ತು.

ಕನ್ನಡಿಗರಿಗೆ ಇನ್ನೂ ಹತ್ತಿರದ್ದೊಂದಿದೆ. 1877ರ ಅಕ್ಟೋಬರ್ 20ರ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಲ್ಲಿ ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾಯುತ್ತಿರುವ ಜನರ ಚಿತ್ರ ಬಂತು. ಅಷ್ಟು ಹೊತ್ತಿಗೆ ಧಾತು ಹೋಗಿ ಈಶ್ವರ ಸಂವತ್ಸರ ನಡೆಯುತ್ತಿತ್ತು. ಮೈಸೂರು ಆಗ ಕಮಿಷನರುಗಳ ಆಡಳಿತದಲ್ಲಿತ್ತು; ಅರಸರಿಗೆ ಮರಳಿದ್ದು 1881ರಲ್ಲಿ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. ಹುಟ್ಟಬೇಕಿದ್ದು ಹುಟ್ಟದ ಮಕ್ಕಳ ಲೆಕ್ಕ ಇದರಲ್ಲಿ ಸೇರಿಲ್ಲ.

ಈ ಮೂರನ್ನೂ, ಅಂದರೆ ಟೆನಿಯಲ್‌ನ ಚಿತ್ರ, ಹೂಪರನ ಫೋಟೋ, ಬೆಂಗಳೂರಿನ ಅಚ್ಚುಚಿತ್ರವನ್ನು, ಒಂದೇ ಮೇಜಿನ ಮೇಲೆ ಇಟ್ಟು ನೋಡಬೇಕು. ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಮೊದಲನೆಯದು ವ್ಯಂಗ್ಯಚಿತ್ರದ ಇತಿಹಾಸಕ್ಕೆ, ಎರಡನೆಯದು ಛಾಯಾಗ್ರಹಣದ ಇತಿಹಾಸಕ್ಕೆ, ಮೂರನೆಯದು ಬರದ ಇತಿಹಾಸಕ್ಕೆ ಹಂಚಿಹೋಗಿವೆ. ಡಿಸ್ರೇಲಿಯ ಚಿತ್ರವನ್ನು ವಿವರಿಸುವವರು ಯಹೂದಿ ದ್ವೇಷದ ಬಗ್ಗೆ ಬರೆಯುತ್ತಾರೆ, ಅದು ಅವಶ್ಯಕ. ರಾಣಿಯ ಬಿರುದಿನ ಜಗಳದ ಬಗ್ಗೆ ಬರೆಯುತ್ತಾರೆ. ಆ ಕಿರೀಟದ ಕೆಳಗೆ ಯಾರಿದ್ದರು ಎಂಬ ಪ್ರಶ್ನೆ ಲಂಡನ್ನಿನಲ್ಲಿ ಕುಳಿತವರಿಗೆ ಏಳದೆ ಇರಬಹುದು. ಮದರಾಸಿನಲ್ಲಿ ಕುಳಿತು ಓದಿದರೆ ಏಳಲೇಬೇಕು. ಡಿಸ್ರೇಲಿ 1847ರಲ್ಲಿ ಬರೆದ ‘ಟ್ಯಾಂಕ್ರೆಡ್’ ಕಾದಂಬರಿಯಲ್ಲಿ ಒಂದು ಪಾತ್ರ, ಇಂಗ್ಲೆಂಡಿನ ರಾಣಿ ತನ್ನ ರಾಜಧಾನಿಯನ್ನು ಲಂಡನ್ನಿನಿಂದ ದಿಲ್ಲಿಗೆ ಬದಲಾಯಿಸಲಿ ಎಂದು ಸಲಹೆ ಕೊಡುತ್ತದೆ. ಅಲ್ಲೂ ಭಾರತ ಒಂದು ಸಿಂಹಾಸನ ಹಾಕುವ ಜಾಗ.

ನಮ್ಮವರು ಈ ಚಿತ್ರಭಾಷೆಯನ್ನು ಕಲಿತು ತಿರುಗಿಸಿದ್ದು ಇದೇ ಮದರಾಸಿನಲ್ಲೂ ನಡೆಯಿತು ಎಂಬುದು ನನಗೆ ಸಂತೋಷದ ವಿಷಯ. ‘ಪಂಚ್’ ಮಾದರಿ ಲಖನೌದಲ್ಲಿ 1877ರಲ್ಲಿ ‘ಅವಧ್ ಪಂಚ್’ ಆಗಿ, ಮುಂಬಯಿಯಲ್ಲಿ ‘ಹಿಂದಿ ಪಂಚ್’ ಆಗಿ ಬೇರುಬಿಟ್ಟಿತ್ತು. ಮದರಾಸಿನಲ್ಲಿ 1906ರ ಮೇ ತಿಂಗಳಲ್ಲಿ ಆರಂಭವಾದ ‘ಇಂಡಿಯಾ’ ತಮಿಳು ವಾರಪತ್ರಿಕೆಯಲ್ಲಿ ಸುಬ್ರಹ್ಮಣ್ಯ ಭಾರತಿ ರಾಜಕೀಯ ವ್ಯಂಗ್ಯಚಿತ್ರಕ್ಕೆ ದೊಡ್ಡ ಜಾಗ ಕೊಟ್ಟರು, ಚಿತ್ರಕ್ಕೆ ವಿವರಣೆಯನ್ನೂ ಬರೆದರು. ಪತ್ರಿಕೆಯ ಬೆನ್ನಿಗೆ ನಿಂತ ತಿರುಮಲಾಚಾರಿ, ಶ್ರೀನಿವಾಸಾಚಾರಿ ಮಂಡಯಂ ಮನೆತನದವರು. ಆ ಮನೆತನದ ಬೇರು ನಮ್ಮ ಮಂಡ್ಯ–ಮೇಲುಕೋಟೆ ಸೀಮೆಯಲ್ಲಿದೆ. ಆಗ ಲಂಡನ್ನಿನಲ್ಲಿ ಭಾರತದ ವ್ಯವಹಾರಗಳ ಮಂತ್ರಿಯಾಗಿದ್ದವನು ಜಾನ್ ಮಾರ್ಲೆ, ಡಿಸ್ರೇಲಿಯ ಜೀವಮಾನದ ಎದುರಾಳಿ ಗ್ಲ್ಯಾಡ್‌ಸ್ಟನ್ನನ ಜೀವನಚರಿತ್ರೆ ಬರೆದ ಉದಾರವಾದಿ. ಕೆನಡಾದ ಚಳಿಗೆ ಬೇಕಾದ ತುಪ್ಪಳದ ಕೋಟನ್ನು ದಖನ್ನಿನಲ್ಲಿ ತೊಡಿಸಲಾದೀತೇ ಎಂದು 1907ರಲ್ಲಿ ಕೇಳಿ ನಮಗೆ ಸ್ವರಾಜ್ಯ ಒಗ್ಗದು ಎಂದವನೂ ಆತನೇ. ‘ಇಂಡಿಯಾ’ದ ಚಿತ್ರಗಳಲ್ಲಿ ನಮ್ಮ ದೇಶ ಕೀಲಿಯಲ್ಲ, ಕಿರೀಟವಲ್ಲ, ಭಾರತಮಾತೆ; ಅವಳಿಗೆ ಮುಖ ಬಂತು. 1908ರಲ್ಲಿ ಸರ್ಕಾರ ಪತ್ರಿಕೆಯ ಮೇಲೆ ಕೈಹಾಕಿ, ದಾಖಲೆಯಲ್ಲಿ ಸಂಪಾದಕರಾಗಿದ್ದ ಶ್ರೀನಿವಾಸನ್ ಅವರನ್ನು ಬಂಧಿಸಿತು. ಪತ್ರಿಕೆ ಫ್ರೆಂಚರ ಪುದುಚೇರಿಗೆ ಹೋಗಿ 1910ರವರೆಗೆ ಉಸಿರಾಡಿತು. ಈ ಚಿತ್ರಗಳನ್ನು ಹುಡುಕಿ ಒಟ್ಟುಮಾಡಿ 1994ರಲ್ಲಿ ಪುಸ್ತಕವಾಗಿ ತಂದ ಇತಿಹಾಸಕಾರ ಎ.ಆರ್. ವೆಂಕಟಾಚಲಪತಿಯವರ ಕೆಲಸಕ್ಕೆ ಸಮನಾದದ್ದು ಕನ್ನಡ ಪತ್ರಿಕೆಗಳ ಹಳೆಯ ಚಿತ್ರಗಳಿಗೂ ಆಗಬೇಕು.

ಚೆಪಾಕ್‌ನ ಸೆನೆಟ್ ಹೌಸ್ ಬಳಿ ವಿಕ್ಟೋರಿಯಾ ರಾಣಿಯ ಪ್ರತಿಮೆ ಇನ್ನೂ ಇದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಬಕಿಂಗ್‌ಹ್ಯಾಮ್ ಕಾಲುವೆ. ಅಡ್ಯಾರ್ ಮತ್ತು ಕೂವಂ ನದಿಗಳನ್ನು ಜೋಡಿಸುವ ಅದರ ಈ ಭಾಗವನ್ನು 1877-78ರಲ್ಲಿ ತೋಡಿದವರು ಬರಗಾಲದ ಕೂಲಿಗಳು; ಹೆಸರು ಬಂದದ್ದು ಗವರ್ನರನಿಗೆ. ಈಗ ಅದರ ಕಪ್ಪು ನೀರಿನಲ್ಲಿ ರೈಲುಮಾರ್ಗದ ಕಂಬಗಳು ನಿಂತಿವೆ.

ಓದುಗರಲ್ಲಿ ಒಂದು ವಿನಂತಿ. ಹಳೆಯ ಕಾಲೇಜುಗಳ, ಕ್ಲಬ್ಬುಗಳ ಕಪಾಟಿನಲ್ಲಿ ‘ಪಂಚ್’ ಸಂಪುಟ ಸಿಕ್ಕರೆ ಚಿತ್ರದ ಹಾಳೆಯನ್ನು ಕೊಯ್ಯಬೇಡಿ, ಕೊಯ್ಯಲು ಬಿಡಬೇಡಿ. ತಾರೀಖು ಮತ್ತು ಅಕ್ಕಪಕ್ಕದ ಪುಟ ಜೊತೆಗಿದ್ದರೇ ಅದು ದಾಖಲೆ. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಧಾತು-ಈಶ್ವರದ ಮಾತು ಏನಾದರೂ ಉಳಿದಿದ್ದರೆ, ಯಾವ ಊರು, ಯಾರು ಹೇಳಿದ್ದು ಎಂಬುದರೊಂದಿಗೆ ಇಂದೇ ಬರೆದಿಡಿ.