ಮಂಗಳೂರಿನ ವರ್ತಕನ ಕಾಗದಗಳು

ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ, ತುಳುನಾಡನ್ನು ಆಳುಪರು ಆಳುತ್ತಿದ್ದ ಕಾಲದಲ್ಲಿ, ಉತ್ತರ ಆಫ್ರಿಕದ ಮಹದಿಯಾ ಪಟ್ಟಣದಿಂದ ಹೊರಟು ಏಡನ್ನಿನ ಮಾರ್ಗವಾಗಿ ಬಂದ ಯೆಹೂದಿ ವರ್ತಕನೊಬ್ಬನು ಮಂಗಳೂರಿನಲ್ಲಿ ಮನೆ ಮಾಡಿಕೊಂಡು, ಮೆಣಸು ಅಡಕೆ ಏಲಕ್ಕಿ ಕಬ್ಬಿಣಗಳ ವ್ಯಾಪಾರವನ್ನು ನಡೆಸುತ್ತ, ಜೊತೆಗೆ ಕಂಚಿನ ಪಾತ್ರೆಗಳನ್ನು ಎರಕ ಹೊಯ್ಯಿಸುವ ಕಾರ್ಖಾನೆಯೊಂದನ್ನೂ ಇಟ್ಟುಕೊಂಡು, ನಡುವೆ ಏಡನ್ನಿಗೆ ಹೋಗಿಬಂದ ಕೆಲವು ಕಾಲವನ್ನು ಬಿಟ್ಟರೆ, 1132ರಿಂದ 1149ರವರೆಗೆ ಬಾಳಿದನು. ಅಬ್ರಹಾಂ ಬೆನ್ ಯಿಜು ಎಂಬುದು ಅವನ ಹೆಸರು. ಅವನು ರಾಜ್ಯವನ್ನು ಗೆದ್ದವನಲ್ಲ, ಮತವನ್ನು ಸ್ಥಾಪಿಸಿದವನಲ್ಲ, ಎರಡು ಶತಮಾನಗಳ ಅನಂತರ ಇದೇ ಕರಾವಳಿಗೆ ಬಂದ ಇಬ್ನ್ ಬತೂತನಂತೆ ಪ್ರವಾಸಗ್ರಂಥವನ್ನು ಬರೆದವನೂ ಅಲ್ಲ. ಆದರೂ ಅವನ ಮನೆಗೆ ಬಂದ ಸಕ್ಕರೆಯ, ಸಾಬೂನಿನ, ಚಾಪೆಗಳ ಲೆಕ್ಕ ಇಂದಿಗೂ ನಮಗೆ ದೊರೆಯುತ್ತದೆ. ಅದೇ ಊರಿನ ಅಂದಿನ ಅರಸನ ಅಡುಗೆಮನೆಯ ವಿಷಯವಾಗಿ ನಮಗೆ ಏನೂ ತಿಳಿಯದು.

ಇದಕ್ಕೆ ಕಾರಣ ಮಂಗಳೂರಿನಲ್ಲಿಲ್ಲ, ಹಳೆಯ ಕೈರೋ ನಗರದಲ್ಲಿದೆ. ದೇವರ ನಾಮವನ್ನು ಬರೆದ ಹಾಳೆಯನ್ನು ಸುಡಬಾರದು, ಹರಿದೆಸೆಯಬಾರದು ಎಂಬ ನಿಷ್ಠೆ ಯೆಹೂದ್ಯರಲ್ಲಿ ಪುರಾತನವಾದುದು. ಜೀರ್ಣವಾದ ಬರೆಹಗಳನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ, ಕ್ರಮೇಣ ಭೂಮಿಯಲ್ಲಿ ಹೂಳುವುದು ಅವರ ಪದ್ಧತಿ; ಆ ಕೋಣೆಗೆ ಗೆನೀಜಾ ಎಂದು ಹೆಸರು. ಹಳೆಯ ಕೈರೋ ಎನಿಸಿದ ಫುಸ್ತಾತಿನ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಗೆನೀಜಾದಲ್ಲಿ ಹಾಕುವ ಕೆಲಸ ನಡೆಯಿತೇ ಹೊರತು ಹೂಳುವ ಕೆಲಸ ಅದೇ ಕ್ರಮದಲ್ಲಿ ನಡೆಯಲಿಲ್ಲ. ಪತ್ರದ ಮೊದಲಿನಲ್ಲಿ ಭಗವಂತನನ್ನು ಸ್ಮರಿಸುವುದು ಅಂದಿನ ವರ್ತಕರ ರೂಢಿಯಾದ್ದರಿಂದ, ಶಾಸ್ತ್ರಗ್ರಂಥಗಳ ಜೊತೆಗೆ ಅಂಗಡಿಯ ಲೆಕ್ಕ, ವಿವಾಹಪತ್ರ, ಸಾಲದ ಚೀಟಿ, ಅಣ್ಣತಮ್ಮಂದಿರ ಓಲೆಗಳೆಲ್ಲವೂ ಗೋಡೆಯ ಮೇಲ್ಭಾಗದ ಕಿಂಡಿಯ ಮೂಲಕ ಆ ಕತ್ತಲೆಯ ಕೋಣೆಯನ್ನು ಸೇರಿದವು; ಮಳೆಯೆಂಬುದು ಅಪರೂಪವಾದ ಆ ನೆಲದಲ್ಲಿ ಕೊಳೆಯದೆ ಉಳಿದವು. ಮುಂಗಾರಿನ ನಾಲ್ಕು ತಿಂಗಳು ಗೋಡೆಯೂ ಹಸುರುಗಟ್ಟುವ ನಮ್ಮ ಕರಾವಳಿಯಲ್ಲಿ ಅಂತಹ ಕಾಗದಗಳಿಗೆ ಎಷ್ಟು ಕಾಲದ ಆಯುಸ್ಸು ಇರಬಹುದಿತ್ತೆಂಬುದನ್ನು ವಾಚಕರೇ ಊಹಿಸಬಲ್ಲರು.

1896ರಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ತಮ್ಮ ಪ್ರವಾಸದಿಂದ ತಂದ ಹಳೆಯ ಹಾಳೆಯೊಂದನ್ನು ಕೇಂಬ್ರಿಜ್ಜಿನ ವಿದ್ವಾಂಸ ಸಾಲೊಮನ್ ಶೆಕ್ಟರರು ಪರೀಕ್ಷಿಸಿ, ಅದರ ಮಹತ್ತ್ವಕ್ಕೆ ಬೆರಗಾಗಿ, ಅದೇ ವರ್ಷದ ಕೊನೆಯಲ್ಲಿ ಕೈರೋಗೆ ತೆರಳಿದರು. ಅಲ್ಲಿನ ಧರ್ಮಾಧಿಕಾರಿಗಳ ಅನುಮತಿ ಪಡೆದು, ಆ ಗೆನೀಜಾದ ಉಸಿರುಗಟ್ಟಿಸುವ ಧೂಳಿನಲ್ಲಿ ವಾರಗಟ್ಟಲೆ ನಿಂತು ಪತ್ರರಾಶಿಯನ್ನು ಆರಿಸಿ ಇಂಗ್ಲೆಂಡಿಗೆ ಸಾಗಿಸಿದರು. ಕೇಂಬ್ರಿಜ್ ಒಂದರಲ್ಲೇ ಇಂದು ಸುಮಾರು 1,93,000 ತುಣುಕುಗಳಿವೆ. ವಿದ್ವಾಂಸರ ದೃಷ್ಟಿ ಮೊದಮೊದಲು ಧರ್ಮಗ್ರಂಥಗಳ ಮೇಲೆಯೇ ನೆಟ್ಟಿದ್ದಿತು. ಅರಬ್ಬಿ ಭಾಷೆಯನ್ನು ಹೀಬ್ರೂ ಲಿಪಿಯಲ್ಲಿ ಬರೆದ ವರ್ತಕರ ಓಲೆಗಳನ್ನು ಒಂದೊಂದಾಗಿ ಓದಿ, ಹಿಂದೂ ಮಹಾಸಾಗರದ ವ್ಯಾಪಾರಜಗತ್ತನ್ನು ನಮ್ಮ ಕಣ್ಣೆದುರು ನಿಲ್ಲಿಸಿದ ಶ್ರೇಯಸ್ಸು ಮುಖ್ಯವಾಗಿ ಎಸ್. ಡಿ. ಗೊಯಿಟೈನರಿಗೆ ಸಲ್ಲತಕ್ಕದ್ದು. ಅರಸರ ಯುದ್ಧಗಳನ್ನು ಹೇಳುವ ಹತ್ತು ಗ್ರಂಥಗಳಿಗಿಂತ ಅವರ ಈ ದೀರ್ಘ ಪರಿಶ್ರಮವೇ ಗತಕಾಲದ ಮನುಷ್ಯರನ್ನು ನಮಗೆ ಹೆಚ್ಚು ಹತ್ತಿರಕ್ಕೆ ತಂದಿತೆಂದು ನಾನು ನಂಬುತ್ತೇನೆ.

ಬೆನ್ ಯಿಜುವಿಗೆ ಪತ್ರ ಬರೆಯುತ್ತಿದ್ದವರಲ್ಲಿ ಪ್ರಮುಖನಾದವನು ಏಡನ್ನಿನ ವರ್ತಕರ ಮುಖಂಡನಾದ ಮದ್ಮೂನ್. ಖಲಫ್ ಮತ್ತು ಯೂಸುಫ್ ಎಂಬಿಬ್ಬರು ಇತರರು. ಮಂಗಳೂರಿನಿಂದ ಹಡಗೇರಿದ ಸರಕು ಏಡನ್ನಿನಲ್ಲಿ ಎಷ್ಟಕ್ಕೆ ಮಾರಿತು, ಸುಂಕವೆಷ್ಟು, ಉಳಿದ ಹಣಕ್ಕೆ ಯಾವ ವಸ್ತುವನ್ನು ಕೊಂಡು ಕಳುಹಿಸಲಾಗಿದೆ ಎಂಬುದನ್ನು ಅವರು ಚಾಚೂ ತಪ್ಪದೆ ಬರೆಯುತ್ತಾರೆ. ಅಲ್ಲಿ ಒಡೆದ ಹಳೆಯ ಪಾತ್ರೆಗಳು ಇಲ್ಲಿಗೆ ಬಂದು, ಬೆನ್ ಯಿಜುವಿನ ಕಾರ್ಖಾನೆಯಲ್ಲಿ ಕರಗಿ, ಕೇಳಿದ ಆಕಾರದ ಹೊಸ ಪಾತ್ರೆಗಳಾಗಿ ಅದೇ ಕಡಲನ್ನು ಮತ್ತೆ ದಾಟುತ್ತಿದ್ದವು. ಒಮ್ಮೆ ಸರಕು ತುಂಬಿದ ಹಡಗು ಏಡನ್ನಿನ ಸಮೀಪಕ್ಕೆ ಬಂದು ಮುಳುಗಿತು. ಮುಳುಗುಗಾರರನ್ನು ಇಳಿಸಿ ಸುಮಾರು ಅರ್ಧದಷ್ಟು ಕಬ್ಬಿಣವನ್ನು ಎತ್ತಿಸಿದರು, ಮೆಣಸು ಮಾತ್ರ ಸಂಪೂರ್ಣವಾಗಿ ಸಮುದ್ರದ ಪಾಲಾಯಿತು. ಏಲಕ್ಕಿಗೆಂದು ಮುಂಗಡ ಪಡೆದು ಮಾಲು ಕೊಡದೆ ಸತಾಯಿಸಿದವನೊಬ್ಬನ ವಿಷಯ ಪತ್ರದಿಂದ ಪತ್ರಕ್ಕೆ ಮುಂದುವರಿಯುತ್ತದೆ. ನಮ್ಮ ಶಾಸನಗಳಿಂದ ಪಟ್ಟಣದ ಮುಖ್ಯಸ್ಥನೆಂದು ನಮಗೆ ಪರಿಚಿತನಾದ ಪಟ್ಟಣಸ್ವಾಮಿಯು ಇಲ್ಲಿ ಹಡಗಿನ ಒಡೆಯನಾಗಿ, ಹೀಬ್ರೂ ಅಕ್ಷರಗಳಲ್ಲಿ ಕಾಣಿಸಿಕೊಳ್ಳುವುದನ್ನು ಓದುವಾಗ ಕನ್ನಡಿಗನ ಮನಸ್ಸಿಗೆ ಆಗುವ ಹರ್ಷ ಸಾಮಾನ್ಯವಾದುದಲ್ಲ. ಇಷ್ಟೆಲ್ಲ ವ್ಯವಹಾರದ ನಡುವೆ, ಕಾಗದದ ಅಭಾವವಿದ್ದ ಈ ನಾಡಿನಲ್ಲಿ ಮಿತ್ರನಿಗೆ ಬರೆಯಲು ಹಾಳೆಗಳಿರಲೆಂದು ಏಡನ್ನಿನವರು ಒಳ್ಳೆಯ ಕಾಗದವನ್ನು ಕಾಣಿಕೆಯಾಗಿ ಕಳುಹಿಸುತ್ತಾರೆ. ಆದರೂ ಬಂದ ಓಲೆಗಳ ಬೆನ್ನಿನ ಮೇಲೆಯೇ ಅವನು ತನ್ನ ಲೆಕ್ಕಗಳನ್ನು ಬರೆದುಕೊಂಡಿರುವುದು ಕಾಣುತ್ತದೆ.

ಈ ಪತ್ರಗಳಲ್ಲಿ ಬೆನ್ ಯಿಜುವಿನ ದಾಸನೊಬ್ಬನು ಮತ್ತೆ ಮತ್ತೆ ಬರುತ್ತಾನೆ. ಅವನ ಕಥೆಯನ್ನು ಬೆನ್ನಟ್ಟಿದ ಲೇಖಕ ಅಮಿತಾವ್ ಘೋಷರು, ಮಂಗಳೂರಿನ ವಿದ್ವಾಂಸ ವಿವೇಕ ರೈ ಅವರ ನೆರವಿನಿಂದ, ಅವನ ಹೆಸರು ಬೊಮ್ಮ ಎಂದು ಗುರುತಿಸಿದರು. ಯಜಮಾನನ ಸರಕಿನೊಡನೆ ಅವನು ಏಡನ್ನಿಗೆ ಹೋಗುತ್ತಿದ್ದನು. ಅಲ್ಲಿ ಮದ್ಮೂನನಿಂದ ಅವನಿಗೆ ಸಂದಾಯವಾದ ಸಂಬಳ ಲೆಕ್ಕದಲ್ಲಿ ಸೇರಿದೆ. ಒಂದು ಸಲ ಕುಡಿದು ಬಂದು ಇನ್ನಷ್ಟು ಹಣಕ್ಕಾಗಿ ಹಟ ಹಿಡಿದನೆಂಬ ದೂರೂ ಇದೆ. ವರ್ಷಗಳುರುಳಿದಂತೆ ಅದೇ ಏಡನ್ನಿನ ಶ್ರೀಮಂತರು ಅವನನ್ನು ಶೇಖ್ ಎಂದು ಸಂಬೋಧಿಸಿ ವಂದನೆಗಳನ್ನು ತಿಳಿಸುವಷ್ಟು ಅವನ ಗೌರವ ಬೆಳೆಯಿತು. ಆ ಕಾಲದ ದಾಸ್ಯವು ಅಮೆರಿಕದ ಹತ್ತಿಯ ತೋಟಗಳ ದಾಸ್ಯವಾಗಿರಲಿಲ್ಲವೆಂದು ಹೇಳುವವರಿಗೆ ಬೊಮ್ಮನ ಜೀವನ ಆಧಾರವನ್ನೊದಗಿಸುತ್ತದೆ. ಆದರೂ ಒಬ್ಬ ಮನುಷ್ಯನು ಇನ್ನೊಬ್ಬನ ಸೊತ್ತಾಗಿರುವುದು ಸೌಮ್ಯವಾದ ರೂಪದಲ್ಲಿಯೂ ದಾಸ್ಯವೇ ಸರಿ.

ಬೆನ್ ಯಿಜುವಿನ ದಾಸಿಯಾಗಿದ್ದ ಆಶು ಎಂಬ ಹೆಂಗಸಿನ ವಿಷಯದಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 1132ನೆಯ ಇಸವಿಯ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ, ಬೆನ್ ಯಿಜು ಅವಳಿಗೆ ವಿಮೋಚನಪತ್ರವನ್ನು ಬರೆದುಕೊಟ್ಟನು. ಯೆಹೂದಿ ಮತವನ್ನು ಸ್ವೀಕರಿಸಿದ ಅವಳಿಗೆ ಬೆರಾಖಾ ಎಂಬ ಹೊಸ ಹೆಸರಾಯಿತು. ಅವನ ಲೆಕ್ಕಗಳಲ್ಲಿ ನಾಯರ್ ಎಂಬ ಭಾವಮೈದುನನ ಉಲ್ಲೇಖವಿರುವುದರಿಂದ, ಅವನು ಅವಳನ್ನೇ ಮದುವೆಯಾದನೆಂದೂ ಅವಳ ತವರಿನವರೊಡನೆಯೂ ವ್ಯವಹಾರವಿದ್ದಿತೆಂದೂ ವಿದ್ವಾಂಸರು ತರ್ಕಿಸಿದ್ದಾರೆ. ಸುರೂರ್ ಎಂಬ ಮಗ, ಸಿತ್ ಅಲ್-ದಾರ್ ಎಂಬ ಮಗಳು ಬೆನ್ ಯಿಜುವಿನ ಮಕ್ಕಳು. ಏಡನ್ನಿನ ಗೆಳೆಯರ ಪತ್ರಗಳು ಮಕ್ಕಳ ಕ್ಷೇಮವನ್ನು ವಿಚಾರಿಸುತ್ತವೆ. ಆಶುವನ್ನು ಹೆಸರು ಹಿಡಿದು ವಿಚಾರಿಸುವುದಿಲ್ಲ. ಈ ಮೌನವು ನನ್ನನ್ನು ಬಹಳವಾಗಿ ನೋಯಿಸುತ್ತದೆ.

1148ರಲ್ಲಿ ಸಿಸಿಲಿಯ ರಾಜ ಎರಡನೆಯ ರೋಜರನ ನೌಕಾಸೈನ್ಯವು ಮಹದಿಯಾವನ್ನು ಹಿಡಿದುದರಿಂದ ಬೆನ್ ಯಿಜುವಿನ ಬಂಧುಗಳು ನೆಲೆ ತಪ್ಪಿ ಸಿಸಿಲಿಯನ್ನು ಸೇರಿದರು. ಮರುವರ್ಷ ಮಕ್ಕಳೊಡನೆ ಏಡನ್ನಿಗೆ ಮರಳಿದ ಅವನು ಸೆಪ್ಟೆಂಬರ್ 11ರಂದು ತನ್ನ ತಮ್ಮನಾದ ಇನ್ನೊಬ್ಬ ಯೂಸುಫನಿಗೆ ಓಲೆ ಬರೆದು, ತನ್ನಲ್ಲಿ ಎಲ್ಲರಿಗೂ ಸಾಲುವಷ್ಟು ಸಂಪತ್ತಿದೆಯೆಂದೂ ಉಳಿದವರನ್ನೆಲ್ಲ ಕರೆದುಕೊಂಡು ಬರಬೇಕೆಂದೂ ಪ್ರಾರ್ಥಿಸಿದನು. ದೂರದೇಶದಲ್ಲಿ ಗಳಿಸಿದ ಹಣವನ್ನು ಒಡಹುಟ್ಟಿದವರ ಕಷ್ಟಕ್ಕೆ ಒಪ್ಪಿಸಲು ಹೊರಟ ಅವನನ್ನು ಇನ್ನೊಬ್ಬ ಸೋದರ ಮುಬಶ್ಶಿರನು ವಂಚಿಸಿ ಹಣವನ್ನು ನುಂಗಿದನು. ಮಗ ಸುರೂರನೂ ತೀರಿಕೊಂಡನು. ಬೆನ್ ಯಿಜುವಿನ ಮಗಳನ್ನು ಮೂರು ವರ್ಷ ತನ್ನ ಮನೆಯಲ್ಲಿಟ್ಟುಕೊಂಡು ಸಾಕಿದ ಖಲಫನು ಅವಳನ್ನು ತನ್ನ ಮಗನಿಗೆ ಕೇಳಿದಾಗಲೂ ಬೆನ್ ಯಿಜು ಒಪ್ಪದೆ, ತಮ್ಮನ ಮಗನಿಗೇ ಕೊಡುವೆನೆಂದು ನಿರ್ಧರಿಸಿದನು. ಸಿಸಿಲಿಯಿಂದ ಹೊರಟ ತಮ್ಮನ ಮಕ್ಕಳಲ್ಲಿ ಕಿರಿಯನಾದ ಮೋಶೆ ಕಡಲುಗಳ್ಳರ ಕೈಗೆ ಸಿಕ್ಕಿ ಟೈರ್ ಪಟ್ಟಣಕ್ಕೆ ಒಯ್ಯಲ್ಪಟ್ಟನು. ಹಿರಿಯನ ಹೆಸರು, ತೀರಿಕೊಂಡ ಮಗನ ಹೆಸರಿನಂತೆಯೇ, ಸುರೂರ್. 1156ರಲ್ಲಿ ಅವನಿಗೂ ಸಿತ್ ಅಲ್-ದಾರಳಿಗೂ ಫುಸ್ತಾತಿನಲ್ಲಿ ವಿವಾಹವಾಯಿತು. ಮಾವನ ಕಾಗದಗಳು ಅದೇ ಊರಿನ ಪ್ರಾರ್ಥನಾಮಂದಿರದ ಗೆನೀಜಾವನ್ನು ಸೇರಿದವು.