ಕಡಲಪಾಚಿಯ ಎರಡನೇ ಇನಿಂಗ್ಸ್

ಎಡಿನ್‌ಬರೋದಲ್ಲಿ ಕೆಲಸ ಮಾಡೋ ಗೆಳೆಯನೊಬ್ಬ ಹೋದ ಸಲ ಊರಿಗೆ ಬಂದಾಗ ಒಂದು ಬಾಟಲಿ ಜಿನ್ ತಂದಿದ್ದ. ಗಾಜಿನ ಮೇಲೆಲ್ಲ ತೆರೆ ತೆರೆಯಾಗಿ ಗೆರೆಗಳು, ಸಮುದ್ರವನ್ನೇ ಕತ್ತರಿಸಿ ನಿಲ್ಲಿಸಿದ ಹಾಗೆ. "ಇದು ಡ್ಯೂಟಿ ಫ್ರೀನಲ್ಲಿ ಸಿಗೋ ಮಾಲಲ್ಲ ಮಾರಾಯ. ಹ್ಯಾರಿಸ್ ಅಂತ ಒಂದು ದ್ವೀಪ. ಅಲ್ಲಿಂದಲೇ ತರಿಸ್ಕೋಬೇಕು," ಅಂದ. ಒಳಗೇನಿದೆ ಅಂತ ಓದಿದೆ. ಜೂನಿಪರ್ ಕಾಯಿ, ಕೊತ್ತಂಬರಿ ಬೀಜ, ಬಾಲಮೆಣಸು, ಜ್ಯೇಷ್ಠಮಧು, ಕಿತ್ತಳೆ ಸಿಪ್ಪೆ, ದಾಲ್ಚಿನ್ನಿಯ ಬಳಗದ ಕ್ಯಾಸಿಯಾ ಚಕ್ಕೆ... ಅರ್ಧ ನಮ್ಮ ಅಡುಗೆಮನೆ ಡಬ್ಬಿ, ಅರ್ಧ ಗ್ರಂಥಿಗೆ ಅಂಗಡಿ. ಒಂದು ಹೆಸರು ಮಾತ್ರ ಗೊತ್ತಾಗಲಿಲ್ಲ: ಶುಗರ್ ಕೆಲ್ಪ್. ಅಂದ್ರೆ ಒಂದು ಜಾತಿಯ ಕಡಲಪಾಚಿ. ಒಣಗಿದಾಗ ಮೈಮೇಲೆ ಸಕ್ಕರೆಯಂಥ ಬಿಳಿ ಪುಡಿ ಮೂಡುತ್ತೆ, ಅದಕ್ಕೇ ಆ ಹೆಸರು.

ಪಾಚಿ ಹಾಕಿದ ಮದ್ಯ ಅಂದ್ರೆ ಮಾರ್ಕೆಟಿಂಗ್ ಗಿಮಿಕ್ ಇರಬೇಕು ಅಂದ್ಕೊಂಡೆ. ಹುಡುಕಿ ಓದುತ್ತಾ ಹೋದ ಹಾಗೆ ಗೊತ್ತಾಯ್ತು, ಆ ದ್ವೀಪದ ಚರಿತ್ರೆಯಲ್ಲಿ ಪಾಚಿಗಿಂತ ದೊಡ್ಡ ಪಾತ್ರ ಇನ್ನೊಂದಿಲ್ಲ. ಒಮ್ಮೆ ಅದೇ ಪಾಚಿ ಸಾವಿರಾರು ಜನರನ್ನ ಊರು ಬಿಡಿಸಿತ್ತು.

ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಅಟ್ಲಾಂಟಿಕ್ ಸಾಗರಕ್ಕೆ ಬೆನ್ನು ಕೊಟ್ಟು ಮಲಗಿರೋ ದ್ವೀಪಸಾಲಿಗೆ ಔಟರ್ ಹೆಬ್ರಿಡೀಸ್ ಅಂತ ಹೆಸರು. ಅದರಲ್ಲಿ ಲೂಯಿಸ್ ಮತ್ತು ಹ್ಯಾರಿಸ್ ಅಂಟಿಕೊಂಡೇ ಇವೆ. ಭೂಮಿ ಒಂದೇ, ನಡುವೆ ಗುಡ್ಡಗಳು, ಹೆಸರು ಎರಡು. ಹ್ಯಾರಿಸ್‌ನ ಪಶ್ಚಿಮಕ್ಕೆ ಬಿಳಿ ಮರಳ ತೀರ, ಹಸಿರು ಹುಲ್ಲುಗಾವಲು. ಪೂರ್ವಕ್ಕೆ ಬರೀ ಬಂಡೆ. ಜನ ಗೇಲಿಕ್ ಭಾಷೆಯವರು.

ನಮಗೂ ಈ ನೆಲಕ್ಕೂ ಏನು ಸಂಬಂಧ ಅಂತೀರಾ? ಲೂಯಿಸ್‌ನ ಸ್ಟೋರ್ನೊವೇ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದ ಒಬ್ಬಾತ 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೇರಿ ಮದರಾಸಿಗೆ ಬಂದ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಎಂಜಿನಿಯರ್ ಆಗಿದ್ದ. ಟಿಪ್ಪು ಸತ್ತ ಮೇಲೆ ಇಡೀ ಮೈಸೂರು ಸೀಮೆಯ ಸರ್ವೆ ಮಾಡಿಸಿದ. ನಮ್ಮ ಊರೂರಿನ ಶಾಸನ, ಕೈಫಿಯತ್ತುಗಳನ್ನ ಕೂಡಿಸಿಟ್ಟ ಕರ್ನಲ್ ಕಾಲಿನ್ ಮೆಕೆಂಜಿ ಅವನೇ. ನಮ್ಮ ಹಳ್ಳಿಗಳ ಕಥೆ ಬರೆಸಿಟ್ಟವನು ಅಲ್ಲಿಯವನು. ಅವನ ಪಕ್ಕದೂರಿನ ಕಥೆ ನಮಗೆ ಗೊತ್ತಿಲ್ಲ ಅಷ್ಟೆ.

ಆ ಕಥೆಯಲ್ಲೂ ಕಂಪನಿಯ ದುಡ್ಡೇ ಇದೆ. ಕಂಪನಿಯ ಹಡಗಿನ ಕಪ್ತಾನನಾಗಿ ಸಂಪಾದಿಸಿದ ಅಲೆಕ್ಸಾಂಡರ್ ಮೆಕ್ಲೌಡ್ ಅನ್ನೋನು 1779ರಲ್ಲಿ 15,000 ಪೌಂಡ್ ಕೊಟ್ಟು ಇಡೀ ಹ್ಯಾರಿಸ್ ಕೊಂಡುಕೊಂಡ. ಊರು, ಜನ, ಗುಡ್ಡ, ತೀರ ಎಲ್ಲ ಸೇರಿ ಒಂದು ಸೈಟು ಕೊಂಡ ಹಾಗೆ. ರೋಡೆಲ್ ಅನ್ನೋ ಕಡೆ ಬಂದರು ಕಟ್ಟಿಸಿ ಮೀನುಗಾರಿಕೆ ಬೆಳೆಸೋಕೆ ಹೊರಟ. ಆದರೆ ಆ ಕಾಲದ ನಿಜವಾದ ಬಂಗಾರ ಮೀನಲ್ಲ, ಪಾಚಿ.

ಪಾಚಿ ಸುಟ್ಟರೆ ಬೂದಿಯಲ್ಲಿ ಸೋಡಾ ಸಿಗುತ್ತೆ. ಗಾಜು ಮತ್ತು ಸೋಪು ಮಾಡೋಕೆ ಅದು ಬೇಕೇ ಬೇಕು. ಅದುವರೆಗೆ ಬ್ರಿಟನ್ನಿಗೆ ಬರಿಲ್ಲಾ ಅನ್ನೋ ಗಿಡದ ಬೂದಿ ಸ್ಪೇನಿನಿಂದ ಬರ್ತಿತ್ತು. ನೆಪೋಲಿಯನ್ ಯುದ್ಧದಿಂದ ಆ ದಾರಿ ಕಟ್ಟಿತು, ಹೆಬ್ರಿಡೀಸ್ ಪಾಚಿಯ ಬೂದಿಗೆ ಟನ್ನಿಗೆ 20 ಪೌಂಡ್‌ವರೆಗೆ ಬೆಲೆ ಏರಿತು. ಒಂದು ಟನ್ ಬೂದಿಗೆ ಸುಮಾರು 20 ಟನ್ ಹಸಿ ಪಾಚಿ ಬೇಕು. ಬೇಸಿಗೆಯಿಡೀ ಗಂಡಸರು, ಹೆಂಗಸರು, ಮಕ್ಕಳು ಮಂಡಿಯುದ್ದ ತಣ್ಣೀರಲ್ಲಿ ನಿಂತು ಪಾಚಿ ಕೊಯ್ದು, ಹೊತ್ತು, ಒಣಗಿಸಿ, ಕಲ್ಲಿನ ಗುಂಡಿಗಳಲ್ಲಿ ಸುಡೋರು. ಅವರ ಕೈಗೆ ಸಿಗ್ತಿದ್ದದ್ದು ಟನ್ನಿಗೆ ಎರಡು ಮೂರು ಪೌಂಡ್, ಅದೂ ಗೇಣಿ ಬಾಕಿಗೆ ವಜಾ ಆಗಿ ಹೋಗೋದು. ಉಳಿದದ್ದೆಲ್ಲ ಜಮೀನ್ದಾರನಿಗೆ. ಹೊಲಕ್ಕೆ ಗೊಬ್ಬರವಾಗ್ತಿದ್ದದ್ದೂ ಅದೇ ಪಾಚಿ. ಅದೂ ಬೆಂಕಿಗೆ ಹೋಯ್ತು.

ಜಮೀನ್ದಾರರಿಗೆ ಆಗ ಕೈಗಳು ಬೇಕಿತ್ತು. ಜನ ಕೆನಡಾಕ್ಕೆ ವಲಸೆ ಹೋಗಬಾರದು ಅಂತ 1803ರಲ್ಲಿ ಪಾರ್ಲಿಮೆಂಟು ಪ್ರಯಾಣಿಕ ಹಡಗುಗಳಿಗೆ ಕಾನೂನು ತಂತು. ಹೆಸರಿಗೆ ಪ್ರಯಾಣಿಕರ ಕ್ಷೇಮಕ್ಕಾಗಿ. ಆದದ್ದು ಟಿಕೆಟ್ ದರ ಬಡವರ ಕೈಗೆಟುಕದ ಹಾಗೆ ಏರಿದ್ದು. ಜನ ಹೋಗಲಿಲ್ಲ. ಜಮೀನು ತುಂಡು ತುಂಡಾಗಿ ಹಂಚಿ ಹೋಯ್ತು, ಸಂಸಾರಗಳು ಬೆಳೆದವು, ಆಲೂಗಡ್ಡೆ ಹೊಟ್ಟೆ ತುಂಬಿಸಿತು.

1815ರಲ್ಲಿ ಯುದ್ಧ ಮುಗೀತು. ಬರಿಲ್ಲಾ ವಾಪಸ್ ಬಂತು, ಅದರ ಮೇಲಿನ ಸುಂಕವೂ ಇಳೀತು. ಉಪ್ಪಿನಿಂದಲೇ ಸೋಡಾ ತೆಗೆಯೋ ಲೆಬ್ಲಾಂಕ್ ವಿಧಾನ ಕಾರ್ಖಾನೆ ಸೇರಿತು. ಪಾಚಿಯ ಬೆಲೆ ನೆಲ ಕಚ್ಚಿತು. ಈಗ ಅದೇ ಜಮೀನ್ದಾರರಿಗೆ ಅದೇ ಜನ ಹೊರೆ. ಕುರಿ ಸಾಕಿದರೆ ಲಾಭ, ಕುರಿಗೆ ಹುಲ್ಲು ಬೇಕು, ಹುಲ್ಲು ಇರೋದು ಪಶ್ಚಿಮ ತೀರದಲ್ಲಿ. ಅಲ್ಲಿಯ ಊರುಗಳನ್ನ ಒಂದೊಂದಾಗಿ ಎಬ್ಬಿಸಿದರು. 1839ರಲ್ಲಿ ಬೋರ್ವ್ ಅನ್ನೋ ಊರು ಖಾಲಿ ಮಾಡಿಸೋಕೆ ಸೈನಿಕರನ್ನೇ ಕರೆಸಬೇಕಾಯ್ತು. ಕೆಲವರು ಕೆನಡಾದ ಕೇಪ್ ಬ್ರೆಟನ್‌ಗೆ ಹೋದರು. ಉಳಿದವರು ಪೂರ್ವದ ಬಂಡೆಗಳ ಕಡೆ ಬಂದು, ಕಲ್ಲಿನ ಮೇಲೆ ಮಣ್ಣೂ ಪಾಚಿಯೂ ಹೊತ್ತು ಹಾಕಿ ಪಾತಿ ಮಾಡ್ಕೊಂಡು ಆಲೂಗಡ್ಡೆ ಬೆಳೆದರು. ಆ ಕಡೆ ಹೆಣ ಹೂಳೋಕೂ ಆಳದ ಮಣ್ಣಿರಲಿಲ್ಲ. ಶವಪೆಟ್ಟಿಗೆ ಹೊತ್ತು ಗುಡ್ಡ ದಾಟಿ, ತಮ್ಮನ್ನ ಓಡಿಸಿದ ಪಶ್ಚಿಮಕ್ಕೇ ಹೋಗಿ ಮಣ್ಣು ಮಾಡಿ ಬರ್ತಿದ್ದರು. ಆ ಹಾದಿಗೆ ಇವತ್ತಿಗೂ 'ಕಾಫಿನ್ ರೋಡ್' ಅಂತಲೇ ಹೆಸರು. ಪ್ರವಾಸಿಗರು ಈಗ ಅಲ್ಲಿ ಟ್ರೆಕ್ಕಿಂಗ್ ಮಾಡ್ತಾರೆ.

ಇಷ್ಟರಲ್ಲಿ ಮದ್ಯ ಎಲ್ಲಿ ಅಂತ ಕೇಳಬಹುದು. ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಬಾರ್ಲಿಯಿಂದ ಸಾರಾಯಿ ಇಳಿಸೋದು ಮನೆಮನೆಯ ಕಸುಬಾಗಿತ್ತು. ಸುಂಕ ಏರಿದ ಹಾಗೆಲ್ಲ ಅದು ಕಳ್ಳಭಟ್ಟಿಯಾಯ್ತು. ಜೂನಿಪರ್ ಕಟ್ಟಿಗೆ ಹೊಗೆ ಕಮ್ಮಿ, ಅಬಕಾರಿಯವರ ಕಣ್ಣಿಗೆ ಬೀಳಲ್ಲ, ಅದಕ್ಕೇ ಭಟ್ಟಿಗೆ ಅದನ್ನೇ ಉರಿಸ್ತಿದ್ದರು ಅನ್ನೋ ಮಾತೂ ಇದೆ. ಅದೇ ಗಿಡದ ಕಾಯಿಯನ್ನ ಹೈಲ್ಯಾಂಡ್ಸ್ ಜನ ಮೂಟೆಗಟ್ಟಲೆ ಕೊಯ್ದು ಇನ್ವರ್ನೆಸ್, ಅಬರ್ಡೀನ್ ಸಂತೆಗಳಿಗೆ ತರ್ತಿದ್ದರು. ಅಲ್ಲಿಂದ ಅದು ಡಚ್ಚರ ಜಿನ್ ಭಟ್ಟಿಗೆ ಹೋಗ್ತಿತ್ತು. 1823ರ ಅಬಕಾರಿ ಕಾಯ್ದೆ ವರ್ಷಕ್ಕೆ 10 ಪೌಂಡ್ ಲೈಸೆನ್ಸ್ ಶುಲ್ಕ ಇಟ್ಟು ಕಳ್ಳಭಟ್ಟಿಗಳನ್ನ ಕಾನೂನಿನೊಳಗೆ ಕರೆತಂತು. ಐಲಾದಂಥ ದ್ವೀಪಗಳು ವಿಸ್ಕಿಯಿಂದ ಬದುಕಿಕೊಂಡವು. ಹ್ಯಾರಿಸ್‌ಗೆ ಆ ಭಾಗ್ಯ ಬರಲಿಲ್ಲ. ಕಾಯ್ದೆ ಬಂದಾಗ ಅಲ್ಲಿಯ ಜನ ಭಟ್ಟಿ ಹಾಕೋದಿರಲಿ, ನಿಲ್ಲೋಕೆ ನೆಲ ಹುಡುಕ್ತಿದ್ದರು.

ಆಮೇಲೆ ಆ ದ್ವೀಪವನ್ನ ಉದ್ಧಾರ ಮಾಡೋಕೆ ಎರಡು ದೊಡ್ಡ ಪ್ರಯತ್ನ ನಡೆದವು. ಒಂದು ಹ್ಯಾರಿಸ್ ಟ್ವೀಡ್. 1840ರ ದಶಕದಲ್ಲಿ ಜಮೀನ್ದಾರಿಣಿ ಲೇಡಿ ಡನ್ಮೋರ್, ಮನೆಗಳಲ್ಲಿ ನೇಯ್ತಿದ್ದ ಉಣ್ಣೆ ಬಟ್ಟೆಗೆ ಶ್ರೀಮಂತರ ಮಾರುಕಟ್ಟೆ ಹುಡುಕಿಕೊಟ್ಟಳು. ಅದು ಉಳೀತು. 1993ರ ಕಾಯ್ದೆ ಪ್ರಕಾರ ಔಟರ್ ಹೆಬ್ರಿಡೀಸ್‌ನಲ್ಲೇ ನೂತು, ಬಣ್ಣ ಹಾಕಿ, ಅಲ್ಲಿಯವರು ತಮ್ಮ ಮನೆಯಲ್ಲೇ ಕೈಯಿಂದ ನೇಯ್ದದ್ದಕ್ಕೆ ಮಾತ್ರ ಆ ಹೆಸರು. ನಮ್ಮ ಇಳಕಲ್ ಸೀರೆಯ ಜಿಐ ಟ್ಯಾಗಿಗಿಂತ ಬಿಗಿ.

ಎರಡನೆಯದು ಲಾರ್ಡ್ ಲೆವರ್‌ಹ್ಯೂಮ್. ನಮ್ಮಜ್ಜಿಯ ಕಾಲದ ಸನ್‌ಲೈಟ್ ಸೋಪು ಗೊತ್ತಲ್ಲ, ಅದರ ಧಣಿ. 1918ರಲ್ಲಿ ಲೂಯಿಸ್, 1919ರಲ್ಲಿ ಹ್ಯಾರಿಸ್ ಕೊಂಡ. ಓಬ್ ಅನ್ನೋ ಹಳ್ಳಿಗೆ ಲೆವರ್‌ಬರೋ ಅಂತ ತನ್ನದೇ ಹೆಸರಿಟ್ಟು ದೊಡ್ಡ ಮೀನು ಬಂದರು ಕಟ್ಟಿಸಿದ. 1925ರಲ್ಲಿ ಸತ್ತ, ಕಂಪನಿಯವರು ಎಲ್ಲ ಮಾರಿ ಕೈ ತೊಳ್ಕೊಂಡರು. ಸೋಪಿಗಾಗಿ ಪಾಚಿ ಸುಟ್ಟ ಜನರನ್ನ ಸೋಪಿನ ಸಾಹುಕಾರ ಬಂದು ಉಳಿಸ್ತೀನಿ ಅಂದದ್ದು, ಆಗದೇ ಹೋದದ್ದು. ದೊಡ್ಡ ಯೋಜನೆಯೆಲ್ಲ ಒಬ್ಬನ ತಲೆಯಲ್ಲಿದ್ರೆ ಅವನ ಜೊತೆಗೇ ಮಣ್ಣಾಗುತ್ತೆ.

ಇಪ್ಪತ್ತನೇ ಶತಮಾನದ ಉಳಿದ ಭಾಗ ನಮಗೆಲ್ಲ ಪರಿಚಯದ್ದೇ. ಓದಿದ ಮಕ್ಕಳು ಗ್ಲಾಸ್ಗೋಗೆ ಹೋದರು, ವಾಪಸ್ ಬರಲಿಲ್ಲ. ಸುಮಾರು ಐವತ್ತು ವರ್ಷದಲ್ಲಿ ಹ್ಯಾರಿಸ್ ಜನಸಂಖ್ಯೆ ಅರ್ಧಕ್ಕಿಳಿದು, 2011ರ ಜನಗಣತಿಯಲ್ಲಿ ಎರಡು ಸಾವಿರಕ್ಕೂ ಕಡಿಮೆಯಾಯ್ತು. ನಡುವೆ ಒಂದು ಒಳ್ಳೇದಾಯ್ತು: 2003ರಲ್ಲಿ ಉತ್ತರ ಹ್ಯಾರಿಸ್‌ನ ಜನ ಟ್ರಸ್ಟ್ ಕಟ್ಟಿಕೊಂಡು ತಮ್ಮ ನೆಲ ತಾವೇ ಕೊಂಡರು. ಕಪ್ತಾನ ಮೆಕ್ಲೌಡ್ ಕೊಂಡು 224 ವರ್ಷವಾಗಿತ್ತು. ನೆಲವೇನೋ ಬಂತು, ಕೆಲಸ?

ಅಲ್ಲಿಗೆ ಜಿನ್ ಬಂತು. ಬ್ರಿಟನ್ನಿನಲ್ಲಿ ಬಹಳ ಕಾಲ 1,800 ಲೀಟರಿಗಿಂತ ಚಿಕ್ಕ ಹಂಡೆಗೆ ಅಬಕಾರಿಯವರು ಲೈಸೆನ್ಸ್ ಕೊಡ್ತಿರಲಿಲ್ಲ. 2009ರಲ್ಲಿ ಲಂಡನ್ನಿನ ಸಿಪ್‌ಸ್ಮಿತ್ ಅನ್ನೋ ಪುಟ್ಟ ಸಂಸ್ಥೆ ಗುದ್ದಾಡಿ ಲೈಸೆನ್ಸ್ ತಗೊಂಡ ಮೇಲೆ ಬಾಗಿಲು ತೆರೀತು. ದ್ವೀಪಗಳಿಗೆ ಇದರಲ್ಲಿ ಒಂದು ಲೆಕ್ಕಾಚಾರ ಕಾಣಿಸ್ತು. ಸ್ಕಾಚ್ ವಿಸ್ಕಿ ಅನ್ನಿಸಿಕೊಳ್ಳೋಕೆ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಕೂರಬೇಕು. ಅಲ್ಲೀವರೆಗೆ ಸಂಬಳ ಎಲ್ಲಿಂದ? ಜಿನ್ ಹಾಗಲ್ಲ. ಧಾನ್ಯದ ಶುದ್ಧ ಸ್ಪಿರಿಟ್‌ನಲ್ಲಿ ಜೂನಿಪರ್, ಬೇರು, ಬೀಜ ನೆನೆಹಾಕಿ ತಾಮ್ರದ ಹಂಡೆಯಲ್ಲಿ ಮತ್ತೆ ಬಟ್ಟಿ ಇಳಿಸಿ, ನೀರು ಬೆರೆಸಿ ಬಾಟಲಿಗೆ ತುಂಬಿದರೆ ಆಯ್ತು. ಇವತ್ತು ಇಳಿಸಿದ್ದು ಮುಂದಿನ ತಿಂಗಳು ದುಡ್ಡು. ನಮ್ಮ ಸ್ಟಾರ್ಟಪ್ ಭಾಷೆಯಲ್ಲಿ ಹೇಳೋದಾದ್ರೆ, ವಿಸ್ಕಿಗೆ ಬೇಕಾದ ರನ್‌ವೇಯನ್ನ ಜಿನ್ ಕಟ್ಟಿಕೊಡುತ್ತೆ.

ಶೆಟ್‌ಲೆಂಡಿನ ಉತ್ತರ ತುದಿಯ ಅನ್‌ಸ್ಟ್ ದ್ವೀಪದಲ್ಲಿ 2006ರಲ್ಲಿ ವಾಯುಪಡೆಯ ರಾಡಾರ್ ಠಾಣೆ ಮುಚ್ಚಿತ್ತು. 2014ರಲ್ಲಿ ಅದೇ ಕಟ್ಟಡಗಳಲ್ಲಿ ಶೆಟ್‌ಲೆಂಡ್ ರೀಲ್ ಜಿನ್ ಶುರುವಾಯ್ತು. ಐಲಾದಲ್ಲಿ ಬ್ರೂಕ್‌ಲ್ಯಾಡಿಯವರು ಗುಜರಿ ಸೇರಬೇಕಿದ್ದ ಹಳೇ ಹಂಡೆಯೊಂದನ್ನ ತಂದು, 'ಅಗ್ಲಿ ಬೆಟ್ಟಿ' ಅಂತ ಹೆಸರಿಟ್ಟು, ದ್ವೀಪದಲ್ಲೇ ಕೊಯ್ದ 22 ಸೊಪ್ಪು-ಹೂಗಳ 'ದ ಬೊಟಾನಿಸ್ಟ್' ಮಾಡಿದರು. ಆರ್ವೆಲ್ '1984' ಬರೆದ ಜೂರಾ ದ್ವೀಪದ ಉತ್ತರ ತುದಿಯಲ್ಲಿ ಮೂವರು ಹೆಂಗಸರು ಸೇರಿ 2015ರಲ್ಲಿ ಲುಸ್ಸಾ ಜಿನ್ ಶುರು ಮಾಡಿದರು.

ಹ್ಯಾರಿಸ್‌ನ ಟಾರ್ಬರ್ಟ್ ಬಂದರಿನಲ್ಲೂ 2015ರಲ್ಲೇ ಡಿಸ್ಟಿಲರಿ ತೆರೀತು. ಕನಸು ಕಂಡವನು ದ್ವೀಪದ ಜೊತೆ ಹಳೇ ನಂಟಿದ್ದ ಅಮೆರಿಕ ಮೂಲದ ಸಂಗೀತಶಾಸ್ತ್ರಜ್ಞ ಆಂಡರ್ಸನ್ ಬೇಕ್‌ವೆಲ್. ಮೊದಲು ಹತ್ತು ಜನಕ್ಕೆ ಕೆಲಸ, ಆಮೇಲೆ ಹಲವರಿಗೆ. ತಮ್ಮದು 'ಸೋಷಿಯಲ್ ಡಿಸ್ಟಿಲರಿ' ಅಂತಾರೆ. ಸೂಪರ್‌ಮಾರ್ಕೆಟ್ಟಿಗೆ ಸುರಿಯದೆ, ಬೇಕಾದವರು ನಮ್ಮ ಹತ್ತಿರವೇ ತಗೊಳ್ಳಲಿ ಅನ್ನೋ ಹಟ. ಪಾಚಿಯನ್ನ ಮುಳುಗುಗಾರ ಕಡಲಿಗಿಳಿದು ಕೈಯಲ್ಲೇ ಕೊಯ್ದು ತರ್ತಾನೆ. ಟನ್ನುಗಟ್ಟಲೆ ಅಲ್ಲ, ಬುಡ ಬಿಟ್ಟು, ಮತ್ತೆ ಬೆಳೆಯೋ ಹಾಗೆ, ಬೇಕಾದಷ್ಟು.

ಇದನ್ನ ಸುಮ್ಮನೆ ಹಾಡಿ ಹೊಗಳೋಕೂ ಆಗಲ್ಲ. ದ್ವೀಪದ ಜಿನ್‌ಗಳಲ್ಲಿ ಬಹುಪಾಲಿಗೆ ಮೂಲ ಸ್ಪಿರಿಟ್ ಹಡಗಲ್ಲೇ ಬರಬೇಕು. ಕೊತ್ತಂಬರಿ, ಕ್ಯಾಸಿಯಾ ಯಾವತ್ತೂ ಅಲ್ಲಿಯದಲ್ಲ. ಜಿನ್ ಫ್ಯಾಷನ್ನು ಶಾಶ್ವತವೂ ಅಲ್ಲ. ಪಾಚಿಯ ಬೆಲೆ ಬಿದ್ದದ್ದನ್ನ ನೋಡಿದ ದ್ವೀಪಕ್ಕೆ ಅದನ್ನ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಪ್ರವಾಸಿಗರು ಬಂದ ಹಾಗೆ ಮನೆಗಳು ರಜಾಮನೆಗಳಾಗಿ, ಕೆಲಸಕ್ಕಿರೋ ಹುಡುಗರಿಗೆ ಬಾಡಿಗೆ ಮನೆ ಸಿಗೋದು ಕಷ್ಟವಾಗಿದೆ. ಆದರೂ ಒಂದು ವ್ಯತ್ಯಾಸ ಇದೆ. ಅವತ್ತು ಪಾಚಿಗಾಗಿ ಜನರನ್ನ ಇಟ್ಟುಕೊಂಡಿದ್ದರು. ಇವತ್ತು ಜನರನ್ನ ಉಳಿಸ್ಕೊಳ್ಳೋಕೆ ಪಾಚಿ ಬಳಸ್ತಿದ್ದಾರೆ. ವಸ್ತು ಅದೇ. ಬದಲಾದದ್ದು ಲೆಕ್ಕ ಯಾರ ಕಡೆಯಿಂದ ಶುರುವಾಗುತ್ತೆ ಅನ್ನೋದು.

2023ರ ಸೆಪ್ಟೆಂಬರಿನಲ್ಲಿ ಅವರ ಮೊದಲ ವಿಸ್ಕಿ ಹೊರಗೆ ಬಂತು. ಜಿನ್ ಎಂಟು ವರ್ಷ ಮನೆ ನಡೆಸಿದ ಮೇಲೆ. ಅದರ ಹೆಸರು 'ದ ಹೆರಾಕ್'. ಗೇಲಿಕ್‌ನಲ್ಲಿ ಹಾಗಂದ್ರೆ ಹ್ಯಾರಿಸ್‌ನವನು, ಆ ಊರಿನವನು ಅಂತ.

ನಮ್ಮೂರಲ್ಲಿ ನಾನು ಓದಿದ ಶಾಲೆಯಲ್ಲಿ ಈಗ ಏಳು ಮಕ್ಕಳಿದ್ದಾರೆ. ನನ್ನ ಜೊತೆ ಓದಿದವರಲ್ಲಿ ಊರಲ್ಲಿ ಉಳಿದವರು ಇಬ್ಬರು. ನಾವು ಊರಿಗೆ ದುಡ್ಡು ಕಳಿಸ್ತೀವಿ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಕೊಡ್ತೀವಿ, ಜಾತ್ರೆಗೆ ಹೋಗಿ ಫೋಟೋ ಹಾಕ್ತೀವಿ. ಆದರೆ ಯಾರಾದ್ರೂ ಊರಲ್ಲೇ ಇದ್ದು ತಿಂಗಳ ಸಂಬಳ ಎಣಿಸೋ ಹಾಗೆ ಏನು ಮಾಡಬಹುದು ಅಂತ ನಾನಂತೂ ಒಂದು ಸಲವೂ ಕೂತು ಯೋಚಿಸಿಲ್ಲ. ಗೆಳೆಯ ತಂದ ಬಾಟಲಿ ಯಾವತ್ತೋ ಖಾಲಿಯಾಯ್ತು. ತೊಳೆದು ಕಿಟಕಿಯಲ್ಲಿಟ್ಟಿದ್ದೀನಿ. ನೋಡಿದಾಗೆಲ್ಲ ಆ ಎರಡು ಸಾವಿರ ಜನ ನೆನಪಾಗ್ತಾರೆ, ಆಮೇಲೆ ನಮ್ಮೂರ ಶಾಲೆಯ ಆ ಏಳು ಮಕ್ಕಳು.